ಆಪ್ಟ್ ಕ್ಯಾಶರ್ ಎನ್‌ಜಿ ರಿವ್ಯೂ: ಹತ್ತಾರು ಸರ್ವರ್‌ಗೆ ಅಪ್‌ಡೇಟ್ ಹಂಚೋಕೆ ಇದು ಸಾಕಾ?

ಆಪ್ಟ್ ಕ್ಯಾಶರ್ ಎನ್‌ಜಿ ಅಂದ್ರೆ ಅಪ್‌ಡೇಟ್ ಫೈಲ್‌ಗಳನ್ನ ಹೊರಗಿಂದ ಒಂದ್ಸಲ ಇಳಿಸಿ ತನ್ನಲ್ಲೇ ಕೂಡಿಟ್ಕೊಂಡು (ಇದಕ್ಕೇ ಕ್ಯಾಶ್ ಅನ್ನೋದು) ಉಳಿದ ಮಿಷಿನ್‌ಗೆಲ್ಲಾ ಹಂಚೋ ಸಾಫ್ಟ್‌ವೇರ್. ಸಾಕಾ ಅಂದ್ರೆ, ಸಾಕು ಅಂತ ಮೊದಲೇ ಹೇಳ್ಬಿಡ್ತೀನಿ. ನಿಮ್ಮತ್ರ ಐದಾರು ಮಿಷಿನ್‌ನಿಂದ ಹಿಡಿದು ನೂರರ ತನಕ ಇದ್ದು, ಎಲ್ಲಾ ಡೆಬಿಯನ್ ಅಥವಾ ಉಬುಂಟು ಜಾತಿಯ ಲಿನಕ್ಸೇ ಆಗಿದ್ದು, ನೆಟ್ಟು ನಮ್ ಮೈಸೂರು ಮಂಡ್ಯ ಕಡೆ ಸಿಗೋ ಸಾಧಾರಣ ಫೈಬರ್ ಕನೆಕ್ಷನ್ ಆಗಿದ್ರೆ ಬೇರೆ ಏನೂ ಹುಡುಕಕ್ಕೆ ಹೋಗ್ಬೇಡಿ, ಇದನ್ನೇ ಹಾಕಿ. ದುಡ್ಡೂ ಕೊಡಂಗಿಲ್ಲ, ಡೆಬಿಯನ್ ಉಬುಂಟು ರೆಪೊದಲ್ಲೇ, ಅಂದ್ರೆ ಅವ್ರು ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನ ಇಡೋ ಉಗ್ರಾಣದಲ್ಲೇ ಇರುತ್ತೆ. ಆದ್ರೆ ಇದು ಮಾಡೋದು ಹಂಚೋ ಕೆಲ್ಸ ಮಾತ್ರ, ಯಾವ ಸರ್ವರ್‌ಗೆ ಯಾವ ಅಪ್‌ಡೇಟ್ ಯಾವತ್ತು ಹೋಗ್ಬೇಕು ಅಂತ ತೀರ್ಮಾನ ಮಾಡೋ ಯಜಮಾನಿಕೆ ಇದಕ್ಕೆ ಬರಲ್ಲ. ಅದನ್ನೂ ಇದೇ ನೋಡ್ಕೊಳುತ್ತೆ ಅಂದ್ಕೊಂಡು ಹಾಕಿದೋರೇ ಆಮೇಲೆ ಇದನ್ನ ಬೈಕೊಂಡು ತಿರುಗೋದು.

ನಾನು ಇದನ್ನ ನಡೆಸ್ತಿರೋದು ಎರಡು ಕಡೆ. ಒಂದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ಚಿಕ್ಕ ಸಾಫ್ಟ್‌ವೇರ್ ಆಫೀಸು, ಮೂರು ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮಿಷಿನ್ ಓಡಿಸೋ ಸಾಫ್ಟ್‌ವೇರ್) ಸರ್ವರ್, ಅದರ ಮೇಲೆ ಒಂದಿಪ್ಪತ್ತೈದು ವರ್ಚುವಲ್ ಮಿಷಿನ್ನು, ಜತೆಗೆ ಒಂದಷ್ಟು ಡೆಸ್ಕ್‌ಟಾಪ್. ಇನ್ನೊಂದು ಮಂಡ್ಯದ ಒಂದು ಕಾಲೇಜಿನ ಲ್ಯಾಬು, ಅಲ್ಲಿ ಸರ್ವರ್ ಕಮ್ಮಿ, ಹುಡುಗ್ರು ಕೂರೋ ಸಿಸ್ಟಮ್ಮೇ ಜಾಸ್ತಿ. ಎರಡೂ ಕಡೆ ಅನುಭವ ಬೇರೆ ಬೇರೆ ಆಗಿರೋದ್ರಿಂದ ಎರಡನ್ನೂ ಹೇಳ್ತೀನಿ.

ಸಮಸ್ಯೆ ಏನು ಅಂತ ಗೊತ್ತಿಲ್ದೋರಿಗೆ ಒಂದು ಲೆಕ್ಕ. ಉಬುಂಟುನಲ್ಲಿ ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು) ಬಂತು ಅಂದ್ರೆ ಕರ್ನಲ್, ಮಾಡ್ಯೂಲು, ಹೆಡರು ಎಲ್ಲಾ ಸೇರಿ ನೂರು ಎಂಬಿ ಮೇಲೆ ಹೋಗುತ್ತೆ, ಅದರ ಜತೆ ಲಿನಕ್ಸ್-ಫರ್ಮ್‌ವೇರ್ ಅನ್ನೋ ಪ್ಯಾಕೇಜ್ ಬಂದ್ರೆ ಅದೊಂದೇ ಇನ್ನೂರು ಎಂಬಿ ದಾಟುತ್ತೆ. ಒಂದು ಮಿಷಿನ್‌ಗೆ ಸುಮಾರು 300 ಎಂಬಿ ಅಂತಿಟ್ಕೊಳ್ಳಿ, ಮೂವತ್ತು ಮಿಷಿನ್‌ಗೆ 9 ಜಿಬಿ. 50 ಎಂಬಿಪಿಎಸ್ ಲೈನ್ ಇದ್ದು ಅದು ಪೂರ್ತಿ ಇದಕ್ಕೇ ಸಿಕ್ರೂನೂ 24 ನಿಮಿಷ ಬೇಕು, ಆ 24 ನಿಮಿಷ ಆಫೀಸಲ್ಲಿ ಬೇರೆ ಯಾರ ವಿಡಿಯೋ ಕಾಲೂ ನೆಟ್ಟಗೆ ನಡೆಯಲ್ಲ. ಅದೇ ಫೈಲನ್ನ ಒಂದ್ಸಲ ಮಾತ್ರ ಹೊರಗಿಂದ ಇಳಿಸ್ಕೊಂಡ್ರೆ 48 ಸೆಕೆಂಡು, ಉಳಿದಿದ್ದೆಲ್ಲಾ ಒಳಗಡೆ ಗಿಗಾಬಿಟ್ ಸ್ವಿಚ್‌ನಲ್ಲಿ ಓಡಾಡುತ್ತೆ. ಬೀದಿಲಿರೋ ಮೂವತ್ತು ಮನೆಯೋರೂ ಒಂದೇ ತರಕಾರಿಗೆ ಬೇರೆ ಬೇರೆ ಆಟೋ ಮಾಡ್ಕೊಂಡು ದೇವರಾಜ ಮಾರ್ಕೆಟ್‌ಗೆ ಹೋಗಿ ಬಂದಂಗೆ ಇತ್ತು ಮೊದ್ಲು ನಮ್ ಆಫೀಸು.

ಇನ್ನೊಂದು ಜನ ಲೆಕ್ಕಕ್ಕೇ ತಗೊಳಲ್ಲ, ಅಪ್‌ಡೇಟ್ ಏನೂ ಇಲ್ದೇ ಇದ್ರೂ ಬರೀ ಏನೇನಿದೆ ಅಂತ ಪಟ್ಟಿ ನೋಡಕ್ಕೇ ಡೇಟಾ ಖರ್ಚಾಗುತ್ತೆ. ಉಬುಂಟು 22.04ರಲ್ಲಿ ಯೂನಿವರ್ಸ್ ಅನ್ನೋ ವಿಭಾಗದ ಪ್ಯಾಕೇಜ್ ಪಟ್ಟಿನೇ ಕಂಪ್ರೆಸ್ ಆದ್ಮೇಲೂ 14 ಎಂಬಿ ಇದೆ, 24.04ರಲ್ಲೂ ಹತ್ರ ಹತ್ರ ಅಷ್ಟೇ. ಹೊಸ ಮಿಷಿನ್ ಹಾಕಿದಾಗೆಲ್ಲಾ, ಇಲ್ಲಾಂದ್ರೆ ಡಾಕರ್ ಬಿಲ್ಡ್ (ಒಂದು ಪ್ರೋಗ್ರಾಮ್‌ಗೆ ಬೇಕಾಗಿದ್ದೆಲ್ಲಾ ಸೇರಿಸಿ ಇಮೇಜ್ ಕಟ್ಟೋದು) ಮಾಡಿದಾಗೆಲ್ಲಾ ಇದು ಮೊದಲಿಂದ ಇಳಿಯುತ್ತೆ. ನಮ್ ಹುಡುಗ್ರು ದಿನಕ್ಕೆ ಎಷ್ಟು ಸಲ ಬಿಲ್ಡ್ ಒತ್ತುತಾರೆ ಅಂತ ಲೆಕ್ಕ ಇಟ್ಟೋರಿಲ್ಲ, ನಿಜ ಹೇಳ್ಬೇಕಂದ್ರೆ ಸರ್ವರ್ ಅಪ್‌ಡೇಟ್‌ಗಿಂತ ಈ ಬಿಲ್ಡ್‌ಗಳಿಂದ್ಲೇ ನಮಗೆ ಜಾಸ್ತಿ ಉಳಿತಾಯ ಆಗಿರೋದು. ಕ್ಯಾಶ್ ಹಾಕಿದ್ಮೇಲೆ ಬಿಲ್ಡ್‌ನಲ್ಲಿ ಪ್ಯಾಕೇಜ್ ಇಳಿಯೋ ಹಂತ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ, ಟೀ ಕುಡಿಯಕ್ಕೆ ಹೋಗೋ ನೆಪ ತಪ್ಪೋಯ್ತು ಅಂತ ಒಬ್ಬ ಗೊಣಗಿದ್ದೂ ಉಂಟು.

ಇನ್‌ಸ್ಟಾಲ್ ಬಗ್ಗೆ ಬರೆಯಕ್ಕೆ ಏನೂ ಇಲ್ಲ. ಒಂದು ಮಿಷಿನ್‌ನಲ್ಲಿ ಪ್ಯಾಕೇಜ್ ಹಾಕಿದ್ರೆ 3142ನೇ ಪೋರ್ಟ್‌ನಲ್ಲಿ ಕೂತ್ಕೊಳುತ್ತೆ. ಬೇರೆ ಮಿಷಿನ್‌ಗಳಲ್ಲಿ ಆಪ್ಟ್ ಅನ್ನೋ, ಪ್ಯಾಕೇಜ್ ಇಳಿಸಿ ಹಾಕೋ ಪ್ರೋಗ್ರಾಮ್‌ನ ಕಾನ್ಫಿಗ್ ಫೋಲ್ಡರ್ ಒಳಗೆ ಒಂದು ಚಿಕ್ಕ ಫೈಲು, ಅದರಲ್ಲಿ ಒಂದೇ ಸಾಲು, ಎಚ್‌ಟಿಟಿಪಿ ಪ್ರಾಕ್ಸಿ, ಅಂದ್ರೆ ಹೊರಗಿಂದ ತಂದುಕೊಡೋ ಮಧ್ಯವರ್ತಿ, ಇಂಥ ಅಡ್ರೆಸ್‌ನಲ್ಲಿದೆ ಅಂತ. ಯಾವ್ಯಾವ ರೆಪೊದಿಂದ ತರಬೇಕು ಅಂತ ಬರೆದಿರೋ ಸೋರ್ಸ್ ಲಿಸ್ಟ್ ಮುಟ್ಟೋ ಅಗತ್ಯನೇ ಇಲ್ಲ. ಮೂವತ್ತು ಮಿಷಿನ್‌ಗೆ ಆ ಫೈಲ್ ಕಳ್ಸಕ್ಕೆ ಆನ್ಸಿಬಲ್ (ಹಲವು ಮಿಷಿನ್‌ಗೆ ಒಂದೇ ಕೆಲ್ಸ ಒಟ್ಟಿಗೆ ಮಾಡ್ಸೋ ಟೂಲ್) ಸಾಕು, ಆನ್ಸಿಬಲ್ ಬರಲ್ವಾ, ಒಂದು ಫಾರ್ ಲೂಪ್ ಬರ್ಕೊಂಡು ಎಸ್‌ಎಸ್‌ಎಚ್ ಮಾಡಿದ್ರೂ ನಡೆಯುತ್ತೆ. 512 ಎಂಬಿ ರ‍್ಯಾಮ್ ಇರೋ ವರ್ಚುವಲ್ ಮಿಷಿನ್‌ನಲ್ಲೂ ಆರಾಮಾಗಿ ಓಡುತ್ತೆ, ಪ್ರಾಸೆಸರ್‌ಗೂ ಏನ್ ಭಾರ ಇಲ್ಲ, ಬೇಕಾಗಿರೋದು ಡಿಸ್ಕು ಅಷ್ಟೆ.

ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಲಾಗ್ ಫೈಲ್ ನೋಡಿದಾಗ. ಒಂದೊಂದು ಸಾಲಲ್ಲೂ ಟೈಮು, ಐ ಅಥವಾ ಓ ಅಂತ ಒಂದಕ್ಷರ, ಎಷ್ಟು ಬೈಟು, ಯಾವ ಐಪಿ, ಯಾವ ಫೈಲು, ಇಷ್ಟೇ, ಮಧ್ಯೆ ಮಧ್ಯೆ ಒಂದು ನಿಂತ ಗೆರೆ. ಐ ಅಂದ್ರೆ ಹೊರಗಿಂದ ಒಳಗೆ ಬಂದಿದ್ದು, ಓ ಅಂದ್ರೆ ಒಳಗಿಂದ ಮಿಷಿನ್‌ಗೆ ಕೊಟ್ಟಿದ್ದು. ಮೊದಲನೇ ಸರ್ವರ್‌ನಲ್ಲಿ ಅಪ್‌ಗ್ರೇಡ್ ಒತ್ತಿ ಲಾಗ್ ಬಿಟ್ಕೊಂಡು ಕೂತ್ರೆ ಐ ಓ, ಐ ಓ ಅಂತ ಜೋಡಿ ಜೋಡಿಯಾಗಿ ಬರುತ್ತೆ. ಎರಡನೇ ಸರ್ವರ್‌ನಲ್ಲಿ ಒತ್ತಿ, ಬರೀ ಓ, ಓ, ಓ, ಅದೂ ಸ್ಕ್ರೀನ್ ಓದಕ್ಕಾಗದಷ್ಟು ಸ್ಪೀಡಲ್ಲಿ. ಇನ್ನೂ ಒಂದು ಚೆಂದ ಇದೆ, ಎರಡು ಮಿಷಿನ್ ಒಂದೇ ಹೊತ್ತಲ್ಲಿ ಅದೇ ಫೈಲ್ ಕೇಳಿದ್ರೆ ಹೊರಗಡೆಯಿಂದ ಎರಡು ಸಲ ಇಳಿಸಲ್ಲ, ಮೊದಲನೇದಕ್ಕೆ ಅಂತ ಇಳೀತಿರೋದನ್ನೇ ಬಂದ ಬಂದಂಗೆ ಎರಡನೇದಕ್ಕೂ ಕೊಡ್ತಾ ಹೋಗುತ್ತೆ. ಹಾಗಾಗಿ ಮೂವತ್ತನ್ನೂ ಒಟ್ಟಿಗೆ ಶುರು ಮಾಡಿದ್ರೂ ಲೈನ್ ಉಸಿರು ಕಟ್ಟಲ್ಲ.

ಮಾಮೂಲಿ ಸ್ಕ್ವಿಡ್ ಅನ್ನೋ ವೆಬ್ ಪ್ರಾಕ್ಸಿ ಹಾಕಿದ್ರೆ ಇದೇ ಆಗಲ್ವಾ ಅಂತ ಕೇಳೋರಿದ್ದಾರೆ. ಆಗುತ್ತೆ, ಅರ್ಧ. ಒಂದು ಮಿಷಿನ್‌ನಲ್ಲಿ ಇಂಡಿಯಾ ಮಿರರ್ (ಮೇನ್ ರೆಪೊದ ನಕಲು ಇಟ್ಟಿರೋ ಸರ್ವರ್) ಹಾಕಿದ್ದಾರೆ, ಇನ್ನೊಂದರಲ್ಲಿ ಮೇನ್ ಸರ್ವರ್ ಇದೆ, ಮತ್ತೊಂದನ್ನ ಯಾರೋ ಸಿಂಗಾಪುರದ ಮಿರರ್‌ಗೆ ತಿರುಗಿಸಿಟ್ಟಿದ್ದಾರೆ ಅಂತಿಟ್ಕೊಳ್ಳಿ. ಸ್ಕ್ವಿಡ್‌ಗೆ ಇವು ಮೂರು ಬೇರೆ ಬೇರೆ ಯುಆರ್‌ಎಲ್, ಮೂರು ಸಲ ಇಳಿಸುತ್ತೆ. ಆಪ್ಟ್ ಕ್ಯಾಶರ್ ಎನ್‌ಜಿ ಹತ್ರ ಉಬುಂಟು ಡೆಬಿಯನ್ ಮಿರರ್‌ಗಳ ಪಟ್ಟಿನೇ ಇದೆ, ಯಾವ ಮಿರರ್ ಕೇಳಿದ್ರೂ ಇದು ಉಬುಂಟುದೇ ಅಂತ ಗುರ್ತು ಹಿಡಿದು ಒಂದೇ ಫೋಲ್ಡರ್‌ಗೆ ಹಾಕ್ಕೊಳುತ್ತೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಸೆಟಪ್ ಮಾಡಿ ಹೋಗಿರೋ ಆಫೀಸಲ್ಲಿ ಇದೊಂದೇ ಗುಣಕ್ಕೆ ಇದನ್ನ ಇಟ್ಕೋಬಹುದು. ಸ್ಕ್ವಿಡ್-ಡೆಬ್-ಪ್ರಾಕ್ಸಿ ಅಂತ ಒಂದಿದೆ, 8000ನೇ ಪೋರ್ಟು, ನೆಟ್‌ವರ್ಕ್‌ನಲ್ಲಿ ತಾನೇ ಪತ್ತೆ ಆಗೋ ಸೌಲಭ್ಯ ಚೆನ್ನಾಗಿದೆ, ಮಿಕ್ಕಿದ್ದು ಒಳಗೆ ಸ್ಕ್ವಿಡ್ಡೇ.

ಸೇಫ್ಟಿ ವಿಷ್ಯಕ್ಕೆ ಬರೋಣ, ಯಾಕಂದ್ರೆ ನಮ್ ಕ್ಲೈಂಟ್ ಒಬ್ರ ಆಡಿಟರ್ ಇದನ್ನೇ ಹಿಡ್ಕೊಂಡು ಕೂತಿದ್ರು, ಎಚ್‌ಟಿಟಿಪಿಲಿ ಬರುತ್ತೆ, ಮಧ್ಯದಲ್ಲಿ ನಿಮ್ದೊಂದು ಮಿಷಿನ್ ಬೇರೆ, ಅದಕ್ಕೆ ವೈರಸ್ ಹೊಕ್ಕಿದ್ರೆ ಎಲ್ಲಾ ಸರ್ವರ್‌ಗೂ ಹಂಚ್ಬಿಡುತ್ತಲ್ಲ ಅಂತ. ಪ್ರಶ್ನೆ ಸರಿಯಾಗೇ ಇದೆ. ಉತ್ತರ ಏನಂದ್ರೆ, ಆಪ್ಟ್ ನಂಬೋದು ದಾರಿನ ಅಲ್ಲ, ಸಹಿನ. ರೆಪೊದ ಇನ್‌ರಿಲೀಸ್ ಅನ್ನೋ ಫೈಲ್‌ಗೆ ಡೆಬಿಯನ್ ಅಥವಾ ಉಬುಂಟುದವ್ರ ಜಿಪಿಜಿ ಅನ್ನೋ ಡಿಜಿಟಲ್ ಸಹಿ ಇರುತ್ತೆ, ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಹ್ಯಾಶ್ (ಫೈಲಿನ ಬೆರಳಚ್ಚು ಅಂತಿಟ್ಕೊಳ್ಳಿ) ಇರುತ್ತೆ, ಆ ಪಟ್ಟಿ ಒಳಗೆ ಒಂದೊಂದು ಡೆಬ್ ಫೈಲಿನ, ಅಂದ್ರೆ ಪ್ಯಾಕೇಜಿನ, ಹ್ಯಾಶ್ ಇರುತ್ತೆ. ಕ್ಯಾಶ್ ಮಿಷಿನ್‌ನಲ್ಲಿ ಯಾರಾದ್ರೂ ಒಂದು ಬೈಟ್ ತಿದ್ದಿದ್ರೂ ಕೊನೇ ಮಿಷಿನ್ ಹ್ಯಾಶ್ ತಾಳೆ ಇಲ್ಲ ಅಂತ ವಾಪಸ್ ಎಸೆಯುತ್ತೆ. ಅದಕ್ಕೇ ಕ್ಯಾಶ್‌ನಲ್ಲಿ ಸಹಿಯ ಬೀಗದ ಕೈ ಇಡೋ ಅಗತ್ಯನೇ ಇಲ್ಲ. ಹಾಗಂತ ಎಚ್‌ಟಿಟಿಪಿ ದೇವರಂಥದ್ದು ಅಂತಾನೂ ಹೇಳಲ್ಲ, 2019ರ ಜನವರಿಲಿ ಆಪ್ಟ್‌ನಲ್ಲೇ ಒಂದು ತೂತು ಸಿಕ್ಕಿತ್ತು, ರೀಡೈರೆಕ್ಟ್ ಆಗೋ ಜಾಗದಲ್ಲಿ ಮಧ್ಯೆ ಇರೋರು ಸುಳ್ಳು ಹ್ಯಾಶ್ ತೂರಿಸಿ ತಮ್ಮ ಪ್ಯಾಕೇಜ್ ಹಾಕಿಸ್ಬೋದಿತ್ತು, ಸಿವಿಇ-2019-3462 ಅಂತ ಆ ತೂತಿನ ನಂಬರ್. ಆವಾಗ್ಲೇ ಸರಿ ಮಾಡಿದ್ರು. ಹಾಗಾಗಿ 3142ನ ಆಫೀಸ್ ಒಳಗಡೆ ಮಾತ್ರ ತೆಗೆದಿಡಿ, ಹೊರಗಿನ ಐಪಿಗೆ ಅಪ್ಪಿತಪ್ಪಿಯೂ ಬಿಡ್ಬೇಡಿ, ಬಿಟ್ರೆ ಊರೋರಿಗೆಲ್ಲಾ ಬಿಟ್ಟಿ ಪ್ರಾಕ್ಸಿ ಇಟ್ಟಂಗೆ ಆಗುತ್ತೆ.

ಈಗ ಬೈಯೋ ಭಾಗ, ಇದು ಸ್ವಲ್ಪ ಉದ್ದ ಇದೆ.

ಮೊದಲನೇದು ಎಚ್‌ಟಿಟಿಪಿಎಸ್, ಅಂದ್ರೆ ಮಧ್ಯದಲ್ಲಿರೋರಿಗೆ ಓದಕ್ಕಾಗದ ಹಾಗೆ ಬೀಗ ಹಾಕಿರೋ ಎಚ್‌ಟಿಟಿಪಿ, ಹಾಗಾಗಿ ಮಧ್ಯೆ ಕೂತ ಕ್ಯಾಶ್‌ಗೂ ಒಳಗೇನಿದೆ ಕಾಣಲ್ಲ. ಉಬುಂಟು, ಡೆಬಿಯನ್‌ನ ಮೇನ್ ರೆಪೊಗಳು ಎಚ್‌ಟಿಟಿಪಿಲೇ ಸಿಗ್ತವೆ, ಪ್ರಾಕ್ಸ್‌ಮಾಕ್ಸ್‌ನ ದುಡ್ಡು ಕೊಡದೇ ಇರೋರ ರೆಪೊನೂ ಎಚ್‌ಟಿಟಿಪಿಲಿ ಬರುತ್ತೆ, ಅವೆಲ್ಲಾ ಸಲೀಸು. ಡಾಕರ್‌ನೋರ ರೆಪೊ ಥರ ಹೊರಗಿನೋರದ್ದೆಲ್ಲಾ ಎಚ್‌ಟಿಟಿಪಿಎಸ್. ಮೊದಲನೇ ದಿನವೇ ಹೊಸಬ್ರು ಇಲ್ಲೇ ಮುಗ್ಗರಿಸೋದು, 403 ಬರುತ್ತೆ, ಕನೆಕ್ಟ್ ಮಾಡಕ್ಕೆ ಪರ್ಮಿಷನ್ ಇಲ್ಲ, ಅಡ್ಮಿನ್‌ನ ಕೇಳಿ ಅನ್ನುತ್ತೆ, ಅಡ್ಮಿನ್ ನಾನೇ ಕಣಪ್ಪ ಅಂತ ಸ್ಕ್ರೀನ್‌ಗೆ ಹೇಳ್ಬೇಕು ಅನ್ಸುತ್ತೆ. ದಾರಿ ಮೂರಿದೆ. ಎಚ್‌ಟಿಟಿಪಿಎಸ್‌ಗೆ ಪ್ರಾಕ್ಸಿ ಬೇಡ, ಡೈರೆಕ್ಟ್ ಹೋಗು ಅಂತ ಆಪ್ಟ್‌ಗೆ ಇನ್ನೊಂದು ಸಾಲು ಬರೆಯೋದು. ಇಲ್ಲಾ ಕ್ಯಾಶ್‌ನ ಕಾನ್ಫಿಗ್‌ನಲ್ಲಿ ಪಾಸ್‌ಥ್ರೂ ಪ್ಯಾಟರ್ನ್ ಹಾಕಿ ಸುಮ್ನೆ ಸುರಂಗ ಮಾಡಿ ಬಿಡೋದು, ಇದರಲ್ಲಿ ಏನೂ ಕ್ಯಾಶ್ ಆಗಲ್ಲ, ಹಾದು ಹೋಗುತ್ತೆ ಅಷ್ಟೆ. ಮೂರನೇದು, ಸೋರ್ಸ್ ಲಿಸ್ಟ್‌ನಲ್ಲಿ ಎಚ್‌ಟಿಟಿಪಿ ಅಂತ ಬರೆದು, ಅದಾದ್ಮೇಲೆ ಎಚ್‌ಟಿಟಿಪಿಎಸ್ ಅಂತ ದೊಡ್ಡಕ್ಷರದಲ್ಲಿ ಬರೆದು ಮೂರು ಸ್ಲ್ಯಾಶ್ ಹಾಕಿ ಆಮೇಲೆ ಅಡ್ರೆಸ್ ಕೊಡೋದು, ಆವಾಗ ಒಳಗಡೆ ಎಚ್‌ಟಿಟಿಪಿ, ಹೊರಗಡೆಗೆ ಕ್ಯಾಶರ್ರೇ ಎಚ್‌ಟಿಟಿಪಿಎಸ್ ಮಾತಾಡಿ ತಂದು ಇಟ್ಕೊಳುತ್ತೆ. ಕೆಲ್ಸ ಮಾಡುತ್ತೆ, ನಾವು ಡಾಕರ್ ರೆಪೊಗೆ ಹಂಗೇ ಮಾಡಿರೋದು. ಆದ್ರೆ ನೋಡಕ್ಕೆ ಟೈಪ್ ಮಿಸ್ಟೇಕ್ ಥರ ಕಾಣುತ್ತೆ, ಹೊಸದಾಗಿ ಸೇರಿದ ಹುಡುಗ ನೋಡಿ ಸರಿ ಮಾಡ್ಬಿಟ್ಟ ಪಾಪ, ಈಗ ಮೇಲ್ಗಡೆ ಮುಟ್ಟಬೇಡಿ ಅಂತ ಕಾಮೆಂಟ್ ಹಾಕಿಟ್ಟಿದ್ದೀವಿ.

ಎರಡನೇದು ಕಸ ಗುಡಿಸೋ ವ್ಯವಸ್ಥೆ, ಇದರ ಕತೆ ಮಂಡ್ಯದ್ದು. ದಿನಕ್ಕೊಂದ್ಸಲ ಕ್ರಾನ್ ಅನ್ನೋ ಟೈಮರ್‌ನಲ್ಲಿ ಒಂದು ಕ್ಲೀನಿಂಗ್ ಓಡುತ್ತೆ, ಯಾವ ಪಟ್ಟಿಲೂ ಹೆಸರಿಲ್ಲದ ಹಳೇ ಫೈಲ್‌ಗಳನ್ನ ನಾಲ್ಕು ದಿನ ಬಿಟ್ಟು ಅಳಿಸುತ್ತೆ. ಕೇಳಕ್ಕೆ ಚೆನ್ನಾಗಿದೆ. ಆದ್ರೆ ಅಳಿಸೋ ಮುಂಚೆ ಎಲ್ಲಾ ರೆಪೊಗಳ ಪಟ್ಟಿನೂ ಹೊಸದಾಗಿ ತರಿಸ್ಕೊಳುತ್ತೆ, ಅದರಲ್ಲಿ ಒಂದೇ ಒಂದು ಸಿಗಲಿಲ್ಲ ಅಂದ್ರೂ ನನಗ್ಯಾಕೆ ಊರ ಉಸಾಬರಿ ಅಂತ ಪೂರ್ತಿ ಕ್ಲೀನಿಂಗೇ ನಿಲ್ಲಿಸ್ಬಿಡುತ್ತೆ. ಕಾಲೇಜ್ ಲ್ಯಾಬಲ್ಲಿ ಹುಡುಗ್ರು ಪ್ರಾಜೆಕ್ಟ್‌ಗೆ ಅಂತ ಎಲ್ಲೆಲ್ಲಿದೋ ಪಿಪಿಎ (ಹೊರಗಿನೋರು ತಾವೇ ಮಾಡಿಟ್ಟ ಚಿಕ್ಕ ರೆಪೊ) ಸೇರಿಸ್ತಾರೆ, ಒಂದಿನ ಆ ಪಿಪಿಎ ಮಾಡಿದೋರು ಅಂಗಡಿ ಮುಚ್ಕೊಂಡು ಹೋಗಿರ್ತಾರೆ, ಅಲ್ಲಿಂದ ಕ್ಲೀನಿಂಗ್ ಆಗಲ್ಲ, ಯಾರಿಗೂ ಹೇಳೋದೂ ಇಲ್ಲ, ಸುಮ್ನೆ ಡಿಸ್ಕ್ ತುಂಬ್ತಾ ಹೋಗುತ್ತೆ. ಒಂದಿನ ಬೆಳಿಗ್ಗೆ ಲ್ಯಾಬ್ ನೋಡ್ಕೊಳೋ ಅಣ್ಣ ಫೋನು.

"ಸಾ, ಯಾವ ಸಿಸ್ಟಮ್ಮೂ ಅಪ್ಡೇಟ್ ತಕತಿಲ್ಲ, ಎಲ್ಲಾ ಐನೂರಾ ಮೂರು ಅಂತ ತೋರುಸ್ತಾವೆ."

"ಅಣ್ಣ, ಆ ಮೂಲೇಲಿರೋ ಕ್ಯಾಶ್ ಮಿಷಿನ್ದು ಡಿಸ್ಕ್ ಎಷ್ಟಾಗಿದೆ ನೋಡಿ."

"ನೂರಕ್ಕೆ ನೂರು ಆಗೋಗದೆ ಸಾ. ಏನ್ ಮಾಡವ, ಡಿಲೀಟ್ ಹೊಡೆದ್ಬುಡ್ಲಾ?"

"ಬ್ಯಾಡ ಬ್ಯಾಡ, ರಿಪೋರ್ಟ್ ಪೇಜ್ ತೆಗೀರಿ, ನಾನ್ ಹೇಳ್ತೀನಿ."

ರಿಪೋರ್ಟ್ ಪೇಜ್ ಅಂದ್ರೆ ಬ್ರೌಸರ್‌ನಲ್ಲಿ ಕ್ಯಾಶ್ ಮಿಷಿನ್ ಅಡ್ರೆಸ್ಸು, 3142 ಹಾಕಿ ಕೊನೆಗೆ acng-report.html ಸೇರಿಸಿದ್ರೆ ಬರೋ ಪುಟ, ಅಲ್ಲಿ ಸ್ಕ್ಯಾನ್ ಒತ್ತಿದ್ರೆ ಯಾವ ರೆಪೊ ಕೈ ಕೊಟ್ಟಿದೆ ಅಂತ ಕೆಂಪಲ್ಲಿ ತೋರಿಸುತ್ತೆ, ಪಕ್ಕದಲ್ಲಿರೋ ಚೌಕಕ್ಕೆ ಟಿಕ್ ಹಾಕಿ ಆ ಸತ್ತ ರೆಪೊದ ಪಟ್ಟಿ ಅಳಿಸಿ, ಮತ್ತೆ ಸ್ಕ್ಯಾನ್ ಓಡ್ಸಿದ್ರೆ ಕಸ ಎಲ್ಲಾ ಹೋಗುತ್ತೆ. ಫೋನಲ್ಲೇ ಹೇಳಿಸ್ಕೊಂಡು ಅಣ್ಣನೇ ಮಾಡಿ ಮುಗಿಸಿದ್ರು, ಅರ್ಧಕ್ಕರ್ಧ ಡಿಸ್ಕ್ ಖಾಲಿ ಆಯ್ತು. ತಕರಾರು ಏನಂದ್ರೆ, ಕ್ಲೀನಿಂಗ್ ನಿಂತಿದ್ದನ್ನ ಯಾರಾದ್ರೂ ಬಂದು ಆ ಪುಟ ತೆಗೆದು ನೋಡೋ ತನಕ ಅದು ಬಾಯ್ಬಿಡಲ್ಲ. ಆ ಪುಟದ ರೂಪನೂ 2005ರ ಕಾಲದ ವೆಬ್‌ಸೈಟ್ ಥರ ಇದೆ. ಆ ಪುಟಕ್ಕೆ ಶುರುನಲ್ಲಿ ಪಾಸ್‌ವರ್ಡೂ ಇರಲ್ಲ, ಸೆಕ್ಯುರಿಟಿ ಕಾನ್ಫಿಗ್ ಫೈಲ್‌ನಲ್ಲಿ ಅಡ್ಮಿನ್ ಹೆಸರು ಪಾಸ್‌ವರ್ಡ್ ನಾವೇ ಬರೀಬೇಕು. ಲ್ಯಾಬ್ ಹುಡುಗ್ರು ಇರೋ ಜಾಗದಲ್ಲಿ ಅದನ್ನ ಮೊದ್ಲು ಮಾಡಿ. ಕ್ಯಾಶ್ ಫೋಲ್ಡರ್‌ನ ಬೇರೆ ಪಾರ್ಟಿಷನ್‌ಗೆ ಹಾಕ್ಬಿಡಿ, ತುಂಬಿದ್ರೂ ಅದೊಂದೇ ತುಂಬಲಿ.

ಮೂರನೇದು, ಕ್ಯಾಶ್ ಮಿಷಿನ್ ಆಫ್ ಆದ್ರೆ ಎಲ್ಲರ ಅಪ್‌ಡೇಟೂ ಆಫ್. ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಹಳೇದು, ಆ ಮಿಷಿನ್ ಮಾತ್ರ ವಾಪಸ್ ಬೂಟ್ ಆಗಲಿಲ್ಲ ಅಂದ್ರೆ ಉಳಿದ ಮೂವತ್ತೂ ಪ್ರಾಕ್ಸಿ ಸಿಗ್ತಿಲ್ಲ ಅಂತ ಅಳ್ತಾ ಕೂರ್ತವೆ, ತಾವೇ ಡೈರೆಕ್ಟ್ ಹೋಗೋಣ ಅಂತ ಅವಕ್ಕೆ ಹೊಳೆಯಲ್ಲ. ಇದಕ್ಕೆ ಔಷಧಿ ಇದೆ, ಆಟೋ-ಆಪ್ಟ್-ಪ್ರಾಕ್ಸಿ ಅನ್ನೋ ಚಿಕ್ಕ ಪ್ಯಾಕೇಜ್, ಅದು ಗೇಟ್‌ವೇ, ಡಿಎನ್‌ಎಸ್ ಎಲ್ಲಾ ನೋಡಿ ಕ್ಯಾಶ್ ಸಿಕ್ರೆ ಅದರ ಮೂಲಕ, ಇಲ್ಲಾಂದ್ರೆ ನೇರ ಕಳ್ಸುತ್ತೆ. ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋಗೋರಿಗಂತೂ ಇದೇ ಬೇಕು, ಇಲ್ದಿದ್ರೆ ಕುವೆಂಪುನಗರದ ಮನೇಲಿ ಕೂತು ಹೆಬ್ಬಾಳದ ಐಪಿ ಹುಡುಕ್ತಾ ಇರುತ್ತೆ. ಇದು ಮೂಲ ಪ್ಯಾಕೇಜ್ ಜತೆಲೇ ಬರಬೇಕಿತ್ತು ಅನ್ನೋದು ನನ್ ಅಭಿಪ್ರಾಯ.

ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅನ್ನೋ ಎರರ್ ಬಗ್ಗೆ ನೆಟ್ ತುಂಬಾ ಗೋಳಿದೆ. ಮಿರರ್‌ನಲ್ಲಿ ಪಟ್ಟಿ ಬದಲಾಗ್ತಿರೋ ಹೊತ್ತಲ್ಲೇ ಕ್ಯಾಶ್ ಅರ್ಧ ಹಳೇದು ಅರ್ಧ ಹೊಸದು ಇಟ್ಕೊಂಡ್ರೆ ಬರ್ತಿತ್ತು. ಈಗ ರೆಪೊಗಳು ಹ್ಯಾಶ್ ಹೆಸರಲ್ಲೇ ಪಟ್ಟಿಗಳನ್ನ ಇಡೋದ್ರಿಂದ ಇದು ತುಂಬಾ ಕಮ್ಮಿ ಆಗಿದೆ, ನಮಗೆ ಅಪರೂಪಕ್ಕೆ ಬಂದಾಗ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಪ್‌ಡೇಟ್ ಒತ್ತಿದ್ರೆ ಸರಿ ಹೋಗಿದೆ.

ಕ್ಯಾಶ್‌ನ ತಪ್ಪೇ ಅಲ್ಲದೇ ಇರೋದಕ್ಕೂ ಬೈಸ್ಕೊಳುತ್ತೆ ಪಾಪ. ಒಂದೇ ಥರದ ಎರಡು ಉಬುಂಟು ಸರ್ವರ್, ಒಂದಕ್ಕೆ ಹೊಸ ವರ್ಷನ್ ಬಂತು, ಇನ್ನೊಂದು ಫೇಸಿಂಗ್ ಕಾರಣಕ್ಕೆ ಮುಂದಕ್ಕೆ ಹಾಕಿದೀವಿ ಅಂತು, ಕ್ಯಾಶ್ ಹಳೇದು ಕೊಡ್ತಿದೆ ಅಂತ ಟಿಕೆಟ್ ಹಾಕಿದ್ರು ನಮ್ ಟೀಮ್‌ನೋರು. ಅದು ಉಬುಂಟುದೇ ಪದ್ಧತಿ, ಕೆಲವು ಅಪ್‌ಡೇಟ್‌ನ ಒಂದೇ ಸಲಕ್ಕೆ ಎಲ್ಲರಿಗೂ ಬಿಡದೆ ಸ್ವಲ್ಪ ಸ್ವಲ್ಪ ಮಿಷಿನ್‌ಗೆ ಬಿಡ್ತಾರೆ, ಕೆಟ್ಟಿದ್ರೆ ಎಲ್ಲರದ್ದೂ ಕೆಡದೇ ಇರಲಿ ಅಂತ. ಸೆಕ್ಯುರಿಟಿ ಅಪ್‌ಡೇಟ್‌ಗೆ ಈ ಕಾಯಿಸೋದು ಇರಲ್ಲ.

ಉಬುಂಟುನೋರದ್ದೇ ಇನ್ನೊಂದು ಪ್ಯಾಕೇಜ್ ರೂಪ ಸ್ನ್ಯಾಪ್, ಅದು ಇದರಲ್ಲಿ ಬರಲ್ಲ. ಇದನ್ನ ದಪ್ಪಕ್ಷರದಲ್ಲಿ ಬರೀಬೇಕು, ಯಾಕಂದ್ರೆ ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ ಬರೋದು, ಲ್ಯಾಬ್‌ನಲ್ಲಿ ನಲವತ್ತು ಸಿಸ್ಟಮ್ ಇದ್ರೆ ನಲವತ್ತೂ ಅದನ್ನ ತಾವೇ ತಾವೇ ಹೊರಗಿಂದ ಇಳಿಸ್ಕೊಳ್ತವೆ, ಕ್ಯಾಶ್ ಬಾಗಿಲಲ್ಲಿ ನಿಂತು ನೋಡುತ್ತೆ. ಡಾಕರ್ ಇಮೇಜ್, ಪೈಥಾನ್‌ನ ಪಿಪ್, ನೋಡ್‌ನ ಎನ್‌ಪಿಎಂ ಇವು ಯಾವ್ದೂ ಇದರ ವ್ಯಾಪ್ತಿ ಅಲ್ಲ, ಒಂದೊಂದಕ್ಕೂ ಬೇರೆ ಬೇರೆ ಕ್ಯಾಶ್ ಇದೆ. ಮಂಡ್ಯದ ಲ್ಯಾಬ್‌ನಲ್ಲಿ ಇದೇ ಕಾರಣಕ್ಕೆ ನನಗೆ ಹೆಬ್ಬಾಳದಷ್ಟು ಉಳಿತಾಯ ಕಾಣಲಿಲ್ಲ, ಆಮೇಲೆ ಹೊಸ ಇನ್‌ಸ್ಟಾಲ್‌ಗೆ ಡೆಬಿಯನ್ ಹಾಕ್ತಾ ಬಂದ್ವಿ, ಅಲ್ಲಿ ಫೈರ್‌ಫಾಕ್ಸ್ ಡೆಬ್ ಆಗೇ ಬರುತ್ತೆ, ಈಗ ಪರವಾಗಿಲ್ಲ.

ಈಗ ಮೊದಲು ಹೇಳಿದ ಯಜಮಾನಿಕೆ ವಿಚಾರ. ಉಬುಂಟುನಲ್ಲಿ ಅಪ್‌ಗ್ರೇಡ್ ಟೈಮರ್ ಬೆಳಿಗ್ಗೆ 6ಕ್ಕೆ, ಅದರ ಮೇಲೆ ಒಂದು ಗಂಟೆ ಒಳಗೆ ಯಾವಾಗ್ಲಾದ್ರೂ ಓಡೋ ಥರ ಇಟ್ಟಿರ್ತಾರೆ, ಪಟ್ಟಿ ತರಿಸೋ ಟೈಮರ್ ದಿನಕ್ಕೆರಡು ಸಲ, ಹನ್ನೆರಡು ಗಂಟೆ ಹರಡ್ಕೊಂಡು. ಆಫ್ ಆಗಿದ್ದ ಮಿಷಿನ್ ಆನ್ ಆದ್ರೆ ತಪ್ಪಿಹೋದ ಟೈಮರ್ ಆವಾಗ ಓಡುತ್ತೆ. ಆಯುಧಪೂಜೆಗೆ ರ‍್ಯಾಕ್‌ಗೆಲ್ಲಾ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿ, ಟೆಸ್ಟಿಂಗ್ ಸರ್ವರ್‌ಗಳನ್ನೆಲ್ಲಾ ಆಫ್ ಮಾಡಿ ದಸರಾ ರಜೆಗೆ ಹೋಗ್ತೀವಿ, ರಜೆ ಮುಗಿಸ್ಕೊಂಡು ಬಂದು ಸೋಮವಾರ ಆನ್ ಮಾಡಿದ್ರೆ ಹೆಚ್ಚು ಕಮ್ಮಿ ಒಂದು ದಿನದೊಳಗೆ ಅಷ್ಟೂ ಮಿಷಿನ್ ಅಷ್ಟೂ ದಿನದ ಸೆಕ್ಯುರಿಟಿ ಅಪ್‌ಡೇಟ್ ಹಾಕ್ಕೊಳ್ತವೆ. ಮೊದ್ಲು ನೆಟ್ ನಿಧಾನ ಇದ್ದಾಗ ಅದೇ ಒಂಥರಾ ಬ್ರೇಕ್ ಆಗಿತ್ತು, ಒಂದೊಂದಾಗಿ ಹಾಕ್ಕೊಳ್ತಿದ್ವು, ಮೊದಲನೇದು ಕೆಟ್ರೆ ಉಳಿದವನ್ನ ನಿಲ್ಲಿಸೋಕೆ ಟೈಮ್ ಸಿಗ್ತಿತ್ತು. ಕ್ಯಾಶ್ ಬಂದ್ಮೇಲೆ ಒಳ್ಳೇದೂ ಕೆಟ್ಟದ್ದೂ ಎರಡೂ ಲ್ಯಾನ್ ಸ್ಪೀಡಲ್ಲಿ ಹೋಗುತ್ತೆ. ಹಾಗಾಗಿ ಎರಡು ಸರ್ವರ್‌ನ ಮುಂಗಡ ಸಾಲಿಗೆ ಇಟ್ಟಿದ್ದೀವಿ, ಮುಖ್ಯವಲ್ಲದ್ದು, ಅವಕ್ಕೆ ಆಟೋಮ್ಯಾಟಿಕ್. ಒಂದು ದಿನ ಅವು ಚೆನ್ನಾಗಿ ಓಡಿದ್ರೆ ಮಿಕ್ಕಿದ್ದಕ್ಕೆ ಆನ್ಸಿಬಲ್‌ನಲ್ಲಿ ನಾಲ್ಕು ನಾಲ್ಕರಂತೆ, ಡೇಟಾಬೇಸ್ ಸರ್ವರ್ ಕೊನೆಗೆ. ಮೊದ್ಲು ಓಡಿದ ಆ ಎರಡೇ ಕ್ಯಾಶ್‌ನ ತುಂಬಿಸಿ ಇಟ್ಟಿರೋದ್ರಿಂದ ಮಿಕ್ಕಿದ್ದಕ್ಕೆ ಹೊರಗಿನ ನೆಟ್ಟೇ ಬೇಕಾಗಲ್ಲ ಅನ್ನಬಹುದು. 2024ರ ಜುಲೈ 1ಕ್ಕೆ ಓಪನ್‌ಎಸ್‌ಎಸ್‌ಎಚ್‌ನ ದೊಡ್ಡ ತೂತು ಹೊರಗೆ ಬಂತಲ್ಲ, ಸಿವಿಇ-2024-6387, ಅಂಥಾ ದಿನ ಈ ಕ್ರಮ ಎಲ್ಲಾ ಬದಿಗಿಟ್ಟು ಒಂದೇ ಏಟಿಗೆ ಎಲ್ಲಾ ಕಡೆ ಹಾಕ್ಬೇಕಾಗುತ್ತೆ, ಆವಾಗ ಕ್ಯಾಶ್ ಇರೋದು ನಿಜವಾಗ್ಲೂ ನೆಮ್ಮದಿ.

ಇವತ್ತಿನ ರೆಪೊ ಹೆಂಗಿದೆಯೋ ಹಂಗೇ ಫೋಟೋ ತೆಗೆದಿಟ್ಟು ಮುಂದಿನ ತಿಂಗಳೂ ಅದನ್ನೇ ಹಾಕ್ಬೇಕು ಅನ್ನೋರಿಗೆ ಇದು ಆಗಲ್ಲ, ಅವ್ರು ಆಪ್ಟ್‌ಲಿ ಅನ್ನೋದನ್ನ ನೋಡಿ, ಸ್ನ್ಯಾಪ್‌ಶಾಟ್ ಮಾಡೋದ್ರಲ್ಲಿ ಅದು ಗಟ್ಟಿ, ಕಲಿಯೋಕೆ ಟೈಮ್ ಬೇಕು. ನೆಟ್ಟೇ ಇಲ್ಲದ ಜಾಗಕ್ಕೆ ಆಪ್ಟ್-ಮಿರರ್ ಅಥವಾ ಡೆಬ್‌ಮಿರರ್ ಹಾಕಿ ಪೂರ್ತಿ ರೆಪೊ ಇಳಿಸ್ಕೊಬೇಕು, ಆದ್ರೆ ಅದು ನೂರಾರು ಜಿಬಿ. ಮೂವತ್ತು ಸರ್ವರ್ ಇಟ್ಕೊಂಡು ಜನ್ಮದಲ್ಲಿ ಮುಟ್ಟದೇ ಇರೋ ಸಾವಿರಾರು ಪ್ಯಾಕೇಜ್‌ನ ರಾತ್ರಿಯೆಲ್ಲಾ ಇಳಿಸೋದು ನೆಟ್ ಉಳಿಸೋ ಲಕ್ಷಣ ಅಲ್ಲ. ನಮ್ ಹೆಬ್ಬಾಳದ ಕ್ಯಾಶ್ ಫೋಲ್ಡರ್ ಉಬುಂಟು ಎರಡು ವರ್ಷನ್, ಡೆಬಿಯನ್, ಪ್ರಾಕ್ಸ್‌ಮಾಕ್ಸ್ ಎಲ್ಲಾ ಸೇರಿ ಹತ್ತಾರು ಜಿಬಿಲಿ ನಿಂತಿದೆ, ಕೇಳಿದ್ದನ್ನ ಮಾತ್ರ ತರೋದ್ರಿಂದ.

ಹಾರ್ಡ್‌ವೇರ್ ಕೇಳೋರಿಗೆ, ಹಳೇ ಡೆಸ್ಕ್‌ಟಾಪ್‌ಗೆ ಒಂದು 250 ಜಿಬಿ ಎಸ್‌ಎಸ್‌ಡಿ ಹಾಕಿ ಇಟ್ರೆ ಬೇಕಾದಷ್ಟಾಯ್ತು. ರಾಸ್ಪ್‌ಬೆರಿ ಪೈ ಹಾಕ್ತೀರ ಅಂದ್ರೆ 4 ಅಥವಾ ಅದರ ಮೇಲಿಂದೇ ತಗೊಳ್ಳಿ, 3ಬಿ ಪ್ಲಸ್‌ನಲ್ಲಿ ನೆಟ್‌ವರ್ಕ್ 300 ಎಂಬಿಪಿಎಸ್ ಆಸುಪಾಸಲ್ಲೇ ನಿಂತೋಗುತ್ತೆ, ಎಸ್‌ಡಿ ಕಾರ್ಡ್ ಮೇಲೆ ಕ್ಯಾಶ್ ಇಡ್ಬೇಡಿ, ಬರ್ದು ಬರ್ದು ಸತ್ತೋಗುತ್ತೆ. ಶುರು ಮಾಡೋ ದಿನ ನಿಮ್ ಸರ್ವರ್‌ಗಳಲ್ಲಿ ಆಪ್ಟ್-ಗೆಟ್ ಉಳಿಸಿಟ್ಟಿರೋ ಹಳೇ ಡೆಬ್ ಫೈಲ್‌ಗಳಿದ್ರೆ ಅವನ್ನ ಕ್ಯಾಶ್‌ನ ಇಂಪೋರ್ಟ್ ಫೋಲ್ಡರ್‌ಗೆ ಸುರಿದು ರಿಪೋರ್ಟ್ ಪೇಜಲ್ಲಿ ಇಂಪೋರ್ಟ್ ಒತ್ತಿ, ಮತ್ತೆ ಇಳಿಸೋದು ತಪ್ಪುತ್ತೆ. ಬರೀ ಆಪ್ಟ್ ಅಂತ ಹೊಡೆಯೋ ಅಭ್ಯಾಸ ಇರೋರ ಮಿಷಿನ್‌ನಲ್ಲಿ ಹುಡುಕ್ಬೇಡಿ, ಅದು ಇನ್‌ಸ್ಟಾಲ್ ಆದ ತಕ್ಷಣ ಅಳಿಸಿ ಹಾಕಿರುತ್ತೆ.

ಆಲ್ಮಾ, ರಾಕಿ ಅಂತ ರೆಡ್ ಹ್ಯಾಟ್ ಕಡೆಯ ಸರ್ವರ್ ಇಟ್ಕೊಂಡಿರೋರು ಇದನ್ನ ತಗೋಬೇಡಿ. ಕಷ್ಟಪಟ್ರೆ ಓಡುತ್ತೆ, ಆದ್ರೆ ಅಲ್ಲಿ ಆಪ್ಟ್ ಜಾಗದಲ್ಲಿರೋ ಡಿಎನ್‌ಎಫ್ ಪ್ರತಿ ಸಲ ಮಿರರ್ ಪಟ್ಟಿ ನೋಡಿ ಬೇರೆ ಬೇರೆ ಮಿರರ್‌ಗೆ ಹೋಗುತ್ತೆ, ಎಲ್ಲಾ ಮಿಷಿನ್‌ನಲ್ಲೂ ಬೇಸ್ ಯುಆರ್‌ಎಲ್ ಒಂದಕ್ಕೇ ಕಟ್ಟಿಹಾಕದೆ ಕ್ಯಾಶ್‌ಗೆ ಏನೂ ಸಿಗಲ್ಲ.